ಕಾಲೇಜು ಬದಲಿಸಿದ ಕ್ವಾರ್ಟರ್‌ಬ್ಯಾಕ್ ಹೊಸ ತಂಡದಲ್ಲಿ ಮಿಂಚುವರೇ? ಅಮೆರಿಕದ ಟ್ರಾನ್ಸ್‌ಫರ್ ಪೋರ್ಟಲ್ ಲೆಕ್ಕಾಚಾರ ಇಲ್ಲಿದೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಕಳೆದ ಎರಡು ಫೈನಲ್‌ಗಳಲ್ಲಿ ಒಂದು ವಿಶೇಷವಿತ್ತು. 2025ರ ಜನವರಿಯಲ್ಲಿ ಒಹಾಯೊ ಸ್ಟೇಟ್ ಮತ್ತು ನಾಟರ್ ಡೇಮ್ ಎದುರಾದವು. 2026ರ ಜನವರಿಯಲ್ಲಿ ಇಂಡಿಯಾನಾ ಮತ್ತು ಮಯಾಮಿ. ಈ ನಾಲ್ಕೂ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಆ ಕಾಲೇಜಿನಲ್ಲಿ ಓದು ಶುರು ಮಾಡಿದವರಲ್ಲ. ನಾಲ್ವರೂ ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವರು.

ಹಾಗೆಂದು ಕಾಲೇಜು ಬದಲಿಸಿದವರೆಲ್ಲ ಗೆದ್ದಿಲ್ಲ. ಅದೇ 2025ರ ಸೀಸನ್‌ನಲ್ಲಿ ದೊಡ್ಡ ಹೆಸರು ಹೊತ್ತು ಹೊಸ ತಂಡ ಸೇರಿದ ಕೆಲವರು ಸೀಸನ್ ಮುಗಿಯುವ ಮೊದಲೇ ಬೆಂಚ್ ಮೇಲೆ ಕುಳಿತರು. ಯಾರು ಗೆಲ್ಲುತ್ತಾರೆ, ಯಾರು ಎಡವುತ್ತಾರೆ? ಅದನ್ನು ಮೊದಲೇ ಊಹಿಸಲು ಸಾಧ್ಯವೇ? ಎಂಎಸ್ ಓದಲು ಅಮೆರಿಕಕ್ಕೆ ಹೋದ ನಮ್ಮ ಮನೆಯ ಮಕ್ಕಳು ವಾರಾಂತ್ಯದಲ್ಲಿ ಕ್ರೀಡಾಂಗಣದಿಂದ ಕಳಿಸುವ ಫೋಟೊ ನೋಡಿ 'ಇದ್ಯಾವ ಆಟ' ಎಂದು ಕೇಳಿದವರಿಗೂ ಅರ್ಥವಾಗುವಂತೆ ವಿವರಿಸುವ ಪ್ರಯತ್ನ ಇಲ್ಲಿದೆ.

ಕ್ವಾರ್ಟರ್‌ಬ್ಯಾಕ್ ಎಂದರೆ ಯಾರು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮೈದಾನದಲ್ಲಿ ಒಂದು ಕಡೆ 11 ಆಟಗಾರರು. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಹಿಡಿದು ಓಡಬೇಕೋ ಎಂಬುದನ್ನು ಎರಡು ಮೂರು ಸೆಕೆಂಡ್‌ಗಳಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಎದುರಾಳಿ ತಂಡದ ಭಾರೀ ಮೈಕಟ್ಟಿನ ಆಟಗಾರರು ಅವರನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ.

ಬೌಲರ್‌ಗಳನ್ನು ಬದಲಿಸುವಂತೆ ಈ ಸ್ಥಾನದಲ್ಲಿ ಆಗಾಗ ಬದಲಾವಣೆ ಮಾಡುವುದಿಲ್ಲ. ಆಡುವವರು ಒಬ್ಬರೇ, ಉಳಿದವರು ಕಾಯಬೇಕು. ಪ್ರತಿಭಾವಂತ ಬ್ಯಾಕಪ್ ಆಟಗಾರ ಬೇರೆ ಕಾಲೇಜಿನ ಕಡೆ ನೋಡಲು ಮೊದಲ ಕಾರಣವೇ ಇದು. ಐದು ವರ್ಷಗಳೊಳಗೆ ನಾಲ್ಕು ಸೀಸನ್ ಆಡಬಹುದು ಎಂಬುದು ಕಾಲೇಜು ಕ್ರೀಡೆಯ ಹಳೆಯ ಲೆಕ್ಕ. ಅದರಲ್ಲಿ ಎರಡು ವರ್ಷ ಬೆಂಚ್ ಮೇಲೆ ಕಳೆದರೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸೇರುವ ಕನಸು ದೂರವಾಗುತ್ತದೆ.

ಟ್ರಾನ್ಸ್‌ಫರ್ ಪೋರ್ಟಲ್ ಹೇಗೆ ಕೆಲಸ ಮಾಡುತ್ತದೆ?

ಇದು ಐಪಿಎಲ್ ಹರಾಜಿನಂತಲ್ಲ. ಇಲ್ಲಿ ಆಟಗಾರ ತಾನೇ ಹೊರಡುತ್ತಾನೆ. ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ 2018ರ ಅಕ್ಟೋಬರ್‌ನಲ್ಲಿ ಒಂದು ಆನ್‌ಲೈನ್ ದತ್ತಾಂಶ ವ್ಯವಸ್ಥೆ ಆರಂಭಿಸಿತು. ಹೊರಡಲು ಬಯಸುವ ಆಟಗಾರ ತನ್ನ ಕಾಲೇಜಿಗೆ ತಿಳಿಸಿದರೆ, ಕಾಲೇಜು ಅವರ ಹೆಸರನ್ನು ಅದರಲ್ಲಿ ಸೇರಿಸಬೇಕು. ಹೆಸರು ಬಂದ ಮೇಲೆ ಬೇರೆ ಕಾಲೇಜುಗಳ ಕೋಚ್‌ಗಳು ಸಂಪರ್ಕಿಸಬಹುದು. ಇದೇ ಟ್ರಾನ್ಸ್‌ಫರ್ ಪೋರ್ಟಲ್.

ಮೊದಲು ಕಾಲೇಜು ಬದಲಿಸಿದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಹೊರಗಿರಬೇಕಿತ್ತು. ಪದವಿ ಮುಗಿಸಿ ಹೋದವರಿಗೆ ಮಾತ್ರ ವಿನಾಯಿತಿ. ನಿಯಮ ಬದಲಾದದ್ದು ಹಂತ ಹಂತವಾಗಿ:

- 2021ರ ಏಪ್ರಿಲ್: ಒಂದು ಸಲ ಕಾಲೇಜು ಬದಲಿಸಿದರೆ ತಕ್ಷಣ ಆಡಲು ಅವಕಾಶ.
- 2021ರ ಜುಲೈ: ತಮ್ಮ ಹೆಸರು, ಚಿತ್ರದ ಬಳಕೆಯಿಂದ ಹಣ ಗಳಿಸಲು ಆಟಗಾರರಿಗೆ ಅನುಮತಿ. ಇದನ್ನು ಎನ್‌ಐಎಲ್ ಎಂದು ಕರೆಯುತ್ತಾರೆ.
- 2024ರ ಏಪ್ರಿಲ್: ಓದಿನ ಅರ್ಹತೆ ಇದ್ದರೆ ಎಷ್ಟು ಸಲ ಬದಲಿಸಿದರೂ ತಕ್ಷಣ ಆಡಬಹುದು.
- 2025ರ ಜೂನ್: ಹೌಸ್ ಪ್ರಕರಣದ ರಾಜಿಗೆ ನ್ಯಾಯಾಲಯದ ಒಪ್ಪಿಗೆ. ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ದಾರಿ. 2025-26ರಲ್ಲಿ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡಾಪಟುಗಳಿಗೆ ಸೇರಿ ಹಂಚಬಹುದಾದ ಗರಿಷ್ಠ ಮೊತ್ತ ಸುಮಾರು 2.05 ಕೋಟಿ ಡಾಲರ್.

ಮೊದಲು ಫುಟ್‌ಬಾಲ್ ಆಟಗಾರರಿಗೆ ಚಳಿಗಾಲದಲ್ಲಿ ಒಂದು, ವಸಂತದಲ್ಲಿ ಇನ್ನೊಂದು ಎಂದು ಎರಡು ಅವಧಿಗಳಿದ್ದವು. 2026ರಲ್ಲಿ ಅದು ಜನವರಿ 2ರಿಂದ 16ರವರೆಗಿನ ಒಂದೇ ಅವಧಿಗೆ ಇಳಿಯಿತು. ಕೋಚ್ ಬದಲಾದ ತಂಡದ ಆಟಗಾರರಿಗೆ ಪ್ರತ್ಯೇಕ ಅವಕಾಶವಿದೆ.

ಇದುವರೆಗಿನ ದಾಖಲೆ ಏನು ಹೇಳುತ್ತದೆ?

ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿ ಹೈಸ್‌ಮನ್ ಟ್ರೋಫಿ. 2017ರಿಂದ 2025ರವರೆಗಿನ ಒಂಬತ್ತು ಪ್ರಶಸ್ತಿಗಳಲ್ಲಿ ಆರು, ಕಾಲೇಜು ಬದಲಿಸಿದ ಕ್ವಾರ್ಟರ್‌ಬ್ಯಾಕ್‌ಗಳ ಪಾಲಾಗಿವೆ: ಬೇಕರ್ ಮೇಫೀಲ್ಡ್ (2017), ಕೈಲರ್ ಮರ್ರೆ (2018), ಜೋ ಬರೋ (2019), ಕೇಲಬ್ ವಿಲಿಯಮ್ಸ್ (2022), ಜೇಡನ್ ಡೇನಿಯಲ್ಸ್ (2023) ಮತ್ತು ಫರ್ನಾಂಡೊ ಮೆಂಡೋಸಾ (2025). ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 2018ರಿಂದ 2025ರವರೆಗೆ ಮೊದಲ ಆಯ್ಕೆಯಾದ ಎಂಟು ಆಟಗಾರರಲ್ಲಿ ಐವರು ಇಂಥವರೇ.

ಆದರೆ ಇದು ಗೆದ್ದವರ ಪಟ್ಟಿ ಮಾತ್ರ ಎಂಬುದನ್ನು ಮರೆಯಬಾರದು. ಅಗ್ರ ವಿಭಾಗದಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಹೊಸ ಕಾಲೇಜಿನಲ್ಲೂ ಎರಡನೇ, ಮೂರನೇ ಸ್ಥಾನದಲ್ಲೇ ಉಳಿದವರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಆದ್ದರಿಂದ ಹೆಸರು ನೋಡಿ ಭವಿಷ್ಯ ಹೇಳುವುದಕ್ಕಿಂತ ಈ ಐದು ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ಕೋಚ್ ಪರಿಚಿತರೇ?

ಪ್ರತಿ ತಂಡಕ್ಕೂ ತನ್ನದೇ ಪ್ಲೇಬುಕ್ ಇರುತ್ತದೆ. ನೂರಾರು ಆಟದ ಯೋಜನೆಗಳು, ಅವುಗಳಿಗೆ ಸಂಕೇತ ಪದಗಳು. ಹೊಸ ತಂಡಕ್ಕೆ ಹೋದ ಕ್ವಾರ್ಟರ್‌ಬ್ಯಾಕ್‌ಗೆ ಇದು ಹೊಸ ಭಾಷೆ ಕಲಿತಂತೆ. ಹಳೆಯ ಕೋಚ್ ಜತೆಯಲ್ಲೇ ಇದ್ದರೆ ಈ ಕಷ್ಟ ಇಲ್ಲ.

2021ರ ನವೆಂಬರ್‌ನಲ್ಲಿ ಕೋಚ್ ಲಿಂಕನ್ ರೈಲಿ ಒಕ್ಲಹೋಮಾ ಬಿಟ್ಟು ಯುಎಸ್‌ಸಿಗೆ ಹೋದರು. ಅವರ ಹಿಂದೆಯೇ ಹೋದ ಕೇಲಬ್ ವಿಲಿಯಮ್ಸ್ 2022ರಲ್ಲಿ ಹೈಸ್‌ಮನ್ ಗೆದ್ದರು. ಮೈಕಲ್ ಪೆನಿಕ್ಸ್ ಅವರದು ಇನ್ನೂ ಮನ ಮುಟ್ಟುವ ಕಥೆ. ಇಂಡಿಯಾನಾದಲ್ಲಿ ಅವರ ನಾಲ್ಕು ಸೀಸನ್‌ಗಳೂ ಗಾಯದಿಂದಲೇ ಮುಗಿದಿದ್ದವು. ಅಲ್ಲಿ ತಮಗೆ ಕಲಿಸಿದ್ದ ಕೇಲನ್ ಡಿಬೋರ್ ವಾಷಿಂಗ್ಟನ್ ತಂಡದ ಮುಖ್ಯ ಕೋಚ್ ಆದಾಗ ಪೆನಿಕ್ಸ್ ಅಲ್ಲಿಗೆ ಹೋದರು. ಎರಡನೇ ವರ್ಷ ತಂಡವನ್ನು ರಾಷ್ಟ್ರೀಯ ಫೈನಲ್‌ಗೆ ಕೊಂಡೊಯ್ದರು. ಫೈನಲ್‌ನಲ್ಲಿ ಮಿಷಿಗನ್ ಎದುರು ಸೋತರೂ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಎಂಟನೆಯವರಾಗಿ ಆಯ್ಕೆಯಾದರು.

2026ರಲ್ಲಿ ಇದೇ ದಾರಿ ಹಿಡಿದವರು ಡ್ರೂ ಮೆಸ್ಟ್‌ಮೇಕರ್. ನಾರ್ತ್ ಟೆಕ್ಸಸ್ ಕೋಚ್ ಎರಿಕ್ ಮಾರಿಸ್ ಒಕ್ಲಹೋಮಾ ಸ್ಟೇಟ್‌ಗೆ ಹೋದಾಗ ಇವರೂ ಜತೆಗೆ ಹೋದರು. ಮಾರಿಸ್ ಅವರಿಗೆ ಇದು ಹೊಸದಲ್ಲ. ಸಣ್ಣ ವಿಭಾಗದ ಇನ್‌ಕಾರ್ನೇಟ್ ವರ್ಡ್ ಕಾಲೇಜಿನಲ್ಲಿ ಅವರ ಕೈಯಲ್ಲಿ ಬೆಳೆದ ಕ್ಯಾಮ್ ವಾರ್ಡ್ 2022ರಲ್ಲಿ ಅವರ ಜತೆಗೇ ವಾಷಿಂಗ್ಟನ್ ಸ್ಟೇಟ್ ಸೇರಿದ್ದರು. ಮುಂದೆ ಮಯಾಮಿಗೆ ಹೋದ ವಾರ್ಡ್ 2025ರ ಡ್ರಾಫ್ಟ್‌ನ ಮೊದಲ ಆಯ್ಕೆಯಾದರು.

2. ಮುಂದೆ ನಿಲ್ಲುವ ಐವರು ಎಂಥವರು?

ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಂತೆ ನಿಲ್ಲುವ ಐವರನ್ನು ಅಫೆನ್ಸಿವ್ ಲೈನ್ ಎನ್ನುತ್ತಾರೆ. ಆ ಗೋಡೆ ಕುಸಿದರೆ ಎಂಥ ಪ್ರತಿಭೆಯೂ ನೆಲ ಕಚ್ಚುತ್ತದೆ.

ಫ್ಲೋರಿಡಾ ಸ್ಟೇಟ್ ಇದಕ್ಕೆ ಉದಾಹರಣೆ. 2023ರಲ್ಲಿ ಸತತ 13 ಪಂದ್ಯ ಗೆದ್ದಿದ್ದ ತಂಡದಿಂದ ಮುಂದಿನ ಡ್ರಾಫ್ಟ್‌ನಲ್ಲಿ 10 ಆಟಗಾರರು ಎನ್‌ಎಫ್‌ಎಲ್‌ಗೆ ಹೋದರು. ಖಾಲಿಯಾದ ಆ ತಂಡಕ್ಕೆ 2024ರಲ್ಲಿ ಬಂದವರು ಡಿಜೆ ಉಯಂಗಲೆಲೈ. ಅದು ಅವರ ಮೂರನೇ ಕಾಲೇಜು. ಅನುಭವಕ್ಕೆ ಕೊರತೆ ಇರಲಿಲ್ಲ. ಆದರೆ ಅವರು ಆಡಿದ ಮೊದಲ ಐದು ಪಂದ್ಯಗಳಲ್ಲಿ ತಂಡ ನಾಲ್ಕು ಸೋತಿತು. ಬಳಿಕ ಅವರು ಕೈಗೆ ಗಾಯ ಮಾಡಿಕೊಂಡರು. ತಂಡ 2 ಗೆಲುವು, 10 ಸೋಲಿನೊಂದಿಗೆ ಸೀಸನ್ ಮುಗಿಸಿತು.

ಒಹಾಯೊ ಸ್ಟೇಟ್ ಕಥೆ ಇದಕ್ಕೆ ತದ್ವಿರುದ್ಧ. ಕ್ಯಾನ್ಸಸ್ ಸ್ಟೇಟ್‌ನಿಂದ ಬಂದ ವಿಲ್ ಹೋವರ್ಡ್ ಸುತ್ತ ದೇಶದ ಅತ್ಯುತ್ತಮ ರಿಸೀವರ್‌ಗಳಿದ್ದರು. ಅವರು ಪವಾಡ ಮಾಡಬೇಕಿರಲಿಲ್ಲ. ಸರಿಯಾದ ಕೈಗೆ ಚೆಂಡು ತಲುಪಿಸಿದರೆ ಸಾಕಿತ್ತು. ನಾಟರ್ ಡೇಮ್ ವಿರುದ್ಧ 34-23ರಿಂದ ಗೆದ್ದು ಟ್ರೋಫಿ ಎತ್ತಿದರು.

3. ಕಲಿಯಲು ಸಮಯ ಸಿಕ್ಕಿದೆಯೇ?

ಜನವರಿಯಲ್ಲಿ ತಂಡ ಸೇರಿದವರಿಗೆ ವಸಂತ ಕಾಲದ ಅಭ್ಯಾಸ ಸಿಗುತ್ತದೆ. ತಡವಾಗಿ ಬಂದವರಿಗೆ ಅದು ತಪ್ಪುತ್ತದೆ.

ಟೆನೆಸಿ ತಂಡವನ್ನು 2024ರಲ್ಲಿ ಪ್ಲೇಆಫ್‌ಗೆ ಮುಟ್ಟಿಸಿದ್ದ ನಿಕೊ ಇಯಮಲೆಯಾವಾ 2025ರ ಏಪ್ರಿಲ್‌ನಲ್ಲಿ ಹೊರಬಂದು ಯುಸಿಎಲ್‌ಎ ಸೇರಿದರು. ಯುಸಿಎಲ್‌ಎ ಮೊದಲ ನಾಲ್ಕು ಪಂದ್ಯಗಳನ್ನೂ ಸೋತಿತು. ಮೂರು ಸೋಲಿನ ಹೊತ್ತಿಗೇ ಕೋಚ್ ಡಿಶಾನ್ ಫಾಸ್ಟರ್ ಕೆಲಸ ಕಳೆದುಕೊಂಡಿದ್ದರು. ನಂತರ ಬಲಿಷ್ಠ ಪೆನ್ ಸ್ಟೇಟ್ ತಂಡವನ್ನು 42-37ರಿಂದ ಸೋಲಿಸಿ ಅಚ್ಚರಿ ಮೂಡಿಸಿದರೂ ಸೀಸನ್ ಮುಗಿದದ್ದು 3 ಗೆಲುವು, 9 ಸೋಲಿನೊಂದಿಗೆ.

ಇಯಮಲೆಯಾವಾ ಬಂದದ್ದರಿಂದ ಯುಸಿಎಲ್‌ಎನಲ್ಲಿ ಜಾಗ ಕಳೆದುಕೊಂಡವರು ಜೋಯಿ ಅಗಿಲಾರ್. ಅವರೂ ಕೆಲವೇ ತಿಂಗಳ ಹಿಂದೆ ಆಪಲೇಶನ್ ಸ್ಟೇಟ್‌ನಿಂದ ಅಲ್ಲಿಗೆ ಬಂದಿದ್ದರು. ಅಗಿಲಾರ್ ಹೊರಟು ಸೇರಿದ್ದು ಎಲ್ಲಿಗೆ ಗೊತ್ತೇ? ಇಯಮಲೆಯಾವಾ ಬಿಟ್ಟ ಟೆನೆಸಿಗೇ! ಅಲ್ಲಿ ಅವರ ತಂಡ ಲೀಗ್ ಹಂತದಲ್ಲಿ 8 ಪಂದ್ಯ ಗೆದ್ದಿತು. ಇಬ್ಬರೂ ತಡವಾಗಿಯೇ ತಂಡ ಸೇರಿದವರು. ಆದರೆ ಒಬ್ಬರಿಗೆ ಗಟ್ಟಿ ತಂಡ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ.

ಸಮಯದ ಬಗ್ಗೆ ಇನ್ನೊಂದು ಪಾಠವಿದೆ. ಮೊದಲ ವರ್ಷ ನೋಡಿ ತೀರ್ಪು ಕೊಡಬಾರದು. ಒಹಾಯೊ ಸ್ಟೇಟ್‌ನಲ್ಲಿ ಅವಕಾಶ ಸಿಗದೆ ಪದವಿ ಮುಗಿಸಿ ಎಲ್‌ಎಸ್‌ಯುಗೆ ಬಂದ ಜೋ ಬರೋ 2018ರಲ್ಲಿ ಎಸೆದದ್ದು 16 ಟಚ್‌ಡೌನ್ ಪಾಸ್. ಮರುವರ್ಷ 60! ತಂಡ 15ಕ್ಕೆ 15 ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಅದೇ ಎಲ್‌ಎಸ್‌ಯುನಲ್ಲಿ ಜೇಡನ್ ಡೇನಿಯಲ್ಸ್ ಮೊದಲ ವರ್ಷ 17, ಎರಡನೇ ವರ್ಷ 40 ಟಚ್‌ಡೌನ್ ಪಾಸ್ ಎಸೆದರು.

4. ಎಷ್ಟು ಪಂದ್ಯ ಆಡಿದ ಅನುಭವವಿದೆ?

ಶಾಲಾ ದಿನಗಳಲ್ಲಿ 'ಐದು ಸ್ಟಾರ್' ಎನಿಸಿಕೊಂಡವರು ಮತ್ತು ಸಣ್ಣ ಕಾಲೇಜಿನಲ್ಲಿ ಹಲವಾರು ಪಂದ್ಯ ಆಡಿದವರು, ಇಬ್ಬರಲ್ಲಿ ಯಾರನ್ನು ಆರಿಸಬೇಕು? ಇತ್ತೀಚಿನ ವರ್ಷಗಳಲ್ಲಿ ಕೋಚ್‌ಗಳು ಎರಡನೆಯವರ ಕಡೆಗೂ ಒಲವು ತೋರುತ್ತಿದ್ದಾರೆ.

ಡಿಯಾಗೊ ಪಾವಿಯಾ ಮೊದಲು ಆಡಿದ್ದು ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ. ಅಲ್ಲಿಂದ ನ್ಯೂ ಮೆಕ್ಸಿಕೊ ಸ್ಟೇಟ್, ಬಳಿಕ ವ್ಯಾಂಡರ್‌ಬಿಲ್ಟ್. 2024ರ ಅಕ್ಟೋಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ ಆಗ ನಂಬರ್ 1 ಆಗಿದ್ದ ಅಲಬಾಮಾವನ್ನು 40-35ರಿಂದ ಮಣಿಸಿತು. ಮರುವರ್ಷ ತಂಡ ಲೀಗ್ ಹಂತದಲ್ಲಿ 12ರಲ್ಲಿ 10 ಗೆದ್ದಿತು. ಪಾವಿಯಾ ಹೈಸ್‌ಮನ್ ಮತದಾನದಲ್ಲಿ ಎರಡನೇ ಸ್ಥಾನ ಪಡೆದರು.

ಇಂಡಿಯಾನಾದ ಯಶಸ್ಸೂ ಇದೇ ಬಗೆಯದು. ದೇಶದಲ್ಲಿ ಅತಿ ಹೆಚ್ಚು ಸೋಲು ಕಂಡ ತಂಡಗಳಲ್ಲಿ ಒಂದಾಗಿದ್ದ ಇಂಡಿಯಾನಾಕ್ಕೆ 2024ರ ಸೀಸನ್‌ಗೆ ಕರ್ಟ್ ಸಿಗ್ನೆಟಿ ಕೋಚ್ ಆಗಿ ಬಂದರು. ಮೊದಲ ವರ್ಷ ಒಹಾಯೊ ವಿಶ್ವವಿದ್ಯಾಲಯದ ಕರ್ಟಿಸ್ ರೂರ್ಕ್ ಅವರನ್ನು ಕರೆತಂದು 11 ಪಂದ್ಯ ಗೆದ್ದರು. ಎರಡನೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಮೆಂಡೋಸಾ ಬಂದರು. ಅವರ ತಮ್ಮ ಆಲ್ಬರ್ಟೊ ಆಗಲೇ ಅದೇ ತಂಡದಲ್ಲಿದ್ದರು. 16ಕ್ಕೆ 16 ಪಂದ್ಯ ಗೆದ್ದ ಇಂಡಿಯಾನಾ, ಫೈನಲ್‌ನಲ್ಲಿ ಮಯಾಮಿಯನ್ನು 27-21ರಿಂದ ಸೋಲಿಸಿತು. ಕೊನೆಯ ಕ್ವಾರ್ಟರ್‌ನಲ್ಲಿ ಮೆಂಡೋಸಾ ತಾವೇ ಚೆಂಡು ಹಿಡಿದು ಓಡಿ ಗಳಿಸಿದ ಟಚ್‌ಡೌನ್ ಆ ಪಂದ್ಯದ ತಿರುವು.

2026ಕ್ಕೆ ಇಂಡಿಯಾನಾ ಮತ್ತೆ ಅದೇ ಸೂತ್ರ ಹಿಡಿದಿದೆ. ಟಿಸಿಯುನಲ್ಲಿ ಮೂರು ಸೀಸನ್‌ಗಳಲ್ಲಿ ಆಡಿದ ಜಾಶ್ ಹೂವರ್ ಅಲ್ಲಿಗೆ ಬಂದಿದ್ದಾರೆ. ತಂಡ ಗಟ್ಟಿ, ಕೋಚ್ ದಾಖಲೆ ಚೆನ್ನಾಗಿದೆ, ಅನುಭವವಿದೆ. ಆದರೆ ಚಾಂಪಿಯನ್ ಜಾಗ ತುಂಬುವ ಒತ್ತಡ ಹೂವರ್ ಅವರಿಗೆ ಹೊಸದು.

5. ಕಾಯುವ ತಾಳ್ಮೆ ಇದೆಯೇ?

ಎಲ್ಲ ವರ್ಗಾವಣೆಯೂ ತಕ್ಷಣ ಆಡಲೆಂದೇ ಅಲ್ಲ. ಡಾಂಟೆ ಮೂರ್ 2023ರಲ್ಲಿ ಯುಸಿಎಲ್‌ಎನಲ್ಲಿ ಮೊದಲ ವರ್ಷವೇ ಆಡಿ ಕಷ್ಟಪಟ್ಟರು. ಬಳಿಕ ಆರೆಗನ್ ಸೇರಿ 2024ರ ಇಡೀ ಸೀಸನ್ ಡಿಲನ್ ಗೇಬ್ರಿಯಲ್ ಹಿಂದೆ ನಿಂತು ಕಲಿತರು. 2025ರಲ್ಲಿ ತಂಡವನ್ನು ಪ್ಲೇಆಫ್ ಸೆಮಿಫೈನಲ್‌ಗೆ ಕೊಂಡೊಯ್ದರು.

ಈಗ ನೆಬ್ರಾಸ್ಕಾ ಬಿಟ್ಟ ಡಿಲನ್ ರಯೋಲಾ ಅದೇ ಆರೆಗನ್ ಸೇರಿದ್ದಾರೆ. ಮೂರ್ ಎನ್‌ಎಫ್‌ಎಲ್‌ಗೆ ಹೋಗದೆ ಇನ್ನೊಂದು ವರ್ಷ ಉಳಿಯಲು ತೀರ್ಮಾನಿಸಿದ್ದರಿಂದ ರಯೋಲಾ ಕಾಯಬೇಕಾದ ಸ್ಥಿತಿ. ನೆಬ್ರಾಸ್ಕಾದಲ್ಲಿ ಮೊದಲ ಪಂದ್ಯದಿಂದಲೇ ಆಡಿದವರಿಗೆ ಇದು ಸುಲಭವಲ್ಲ. ಆದರೆ ಮೂರ್ ನಡೆದ ದಾರಿ ಕಣ್ಣ ಮುಂದೆಯೇ ಇದೆ.

ಗಾಯ ಎಂಬ ಅನಿಶ್ಚಿತತೆ

ಐದೂ ಅಂಶ ಸರಿಯಿದ್ದರೂ ಒಂದು ಪೆಟ್ಟು ಎಲ್ಲವನ್ನೂ ಬದಲಿಸಬಹುದು. 2025ರಲ್ಲಿ ವಾಷಿಂಗ್ಟನ್ ಸ್ಟೇಟ್‌ನಿಂದ ಒಕ್ಲಹೋಮಾಕ್ಕೆ ಬಂದ ಜಾನ್ ಮಟೀರ್ ಜತೆ ಹಳೆಯ ಕೋಚ್ ಬೆನ್ ಆರ್‌ಬಕಲ್ ಕೂಡ ಇದ್ದರು. ಆರಂಭ ಭರ್ಜರಿಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಕೈಗೆ ಶಸ್ತ್ರಚಿಕಿತ್ಸೆಯಾಯಿತು. ಮರಳಿ ಬಂದು ತಂಡವನ್ನು ಪ್ಲೇಆಫ್ ಮುಟ್ಟಿಸಿದರೂ ಅಲ್ಲಿ ಅಲಬಾಮಾ ಎದುರು ಸೋತರು.

ಕಾರ್ಸನ್ ಬೆಕ್ ಜಾರ್ಜಿಯಾದಲ್ಲಿ 2024ರ ಕೊನೆಯಲ್ಲಿ ಮೊಣಕೈಗೆ ಗಾಯ ಮಾಡಿಕೊಂಡಾಗ 'ಇನ್ನು ಮುಗಿಯಿತು' ಎಂದವರೇ ಹೆಚ್ಚು. ಅವರು ಮಯಾಮಿ ಸೇರಿ ಮರುವರ್ಷವೇ ಫೈನಲ್ ಆಡಿದರು.

ಯಾರಿಗೆ ಲಾಭ, ಯಾರಿಗೆ ನಷ್ಟ?

ಕೆಲವೊಮ್ಮೆ ಇಬ್ಬರಿಗೂ ಲಾಭ. ಹೋವರ್ಡ್ ಬರುವ ಮೊದಲು ಒಹಾಯೊ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಕೈಲ್ ಮೆಕಾರ್ಡ್. ಟೀಕೆಗಳ ನಡುವೆ ಹೊರಟು ಸಿರಾಕ್ಯೂಸ್ ಸೇರಿದ ಅವರು 2024ರಲ್ಲಿ 4,779 ಗಜಗಳ ಪಾಸ್ ಎಸೆದು ದೇಶಕ್ಕೇ ಮೊದಲಿಗರಾದರು. ತಂಡ 10 ಪಂದ್ಯ ಗೆದ್ದಿತು. ಬಿಟ್ಟವರೂ ಗೆದ್ದರು, ಬಿಡಿಸಿಕೊಂಡವರೂ ಗೆದ್ದರು.

ಕೆಲವೊಮ್ಮೆ ಹಣದ ವಿಚಾರ ಅಡ್ಡ ಬರುತ್ತದೆ. 2024ರಲ್ಲಿ ಯುಎನ್‌ಎಲ್‌ವಿ ತಂಡ ಮೂರೂ ಪಂದ್ಯ ಗೆದ್ದು ಓಡುತ್ತಿದ್ದಾಗಲೇ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ ಎನ್‌ಐಎಲ್ ಹಣದ ಕುರಿತ ಭಿನ್ನಾಭಿಪ್ರಾಯದಿಂದ ಆ ಸೀಸನ್ ಆಡುವುದನ್ನು ನಿಲ್ಲಿಸಿದರು. ಅವರ ಜಾಗಕ್ಕೆ ಬಂದ ಹಜ್-ಮಲಿಕ್ ವಿಲಿಯಮ್ಸ್ ಕೂಡ ಬೇರೆ ಕಾಲೇಜಿನಿಂದ ಬಂದವರೇ. ತಂಡ ಒಟ್ಟು 11 ಪಂದ್ಯ ಗೆದ್ದಿತು.

ಹೆಚ್ಚು ಮಾತಾಗದ ವಿಷಯ ಓದಿನದು. ಎನ್‌ಸಿಎಎ ನಿಯಮದಂತೆ ಆಟಗಾರ ಮೂರನೇ ವರ್ಷದ ಹೊತ್ತಿಗೆ ತನ್ನ ಪದವಿಯ ಶೇ 40, ನಾಲ್ಕನೇ ವರ್ಷಕ್ಕೆ ಶೇ 60, ಐದನೇ ವರ್ಷಕ್ಕೆ ಶೇ 80ರಷ್ಟು ಮುಗಿಸಿರಬೇಕು. ಒಂದು ಕಾಲೇಜಿನಲ್ಲಿ ಪಾಸಾದ ಎಲ್ಲ ವಿಷಯಗಳನ್ನೂ ಇನ್ನೊಂದು ಕಾಲೇಜು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದಿಲ್ಲ. ಎರಡು ಮೂರು ಸಲ ಬದಲಿಸಿದವರಿಗೆ ಪದವಿಯೇ ದೂರವಾಗುವ ಅಪಾಯವಿದೆ. ಜತೆಗೆ ಪೋರ್ಟಲ್‌ನಲ್ಲಿ ಹೆಸರು ಬಂದ ಮೇಲೆ ಹಳೆಯ ಕಾಲೇಜು ವಿದ್ಯಾರ್ಥಿವೇತನವನ್ನು ಮುಂದುವರಿಸಲೇಬೇಕೆಂಬ ಖಾತ್ರಿಯೂ ಇಲ್ಲ. ಕರೆ ಬಾರದಿದ್ದರೆ 20 ವರ್ಷದ ಹುಡುಗ ತಂಡವನ್ನೂ ಫೀಸನ್ನೂ ಒಟ್ಟಿಗೆ ಕಳೆದುಕೊಳ್ಳಬಹುದು. ಎನ್‌ಎಫ್‌ಎಲ್ ಮುಟ್ಟುವವರು ಬೆರಳೆಣಿಕೆಯಷ್ಟು. ಉಳಿದವರ ಕೈಯಲ್ಲಿ ಕೊನೆಗೆ ಉಳಿಯಬೇಕಾದದ್ದು ಆ ಪದವಿಯೇ.

ಹಾಗಾದರೆ ಏನು ನಿರೀಕ್ಷಿಸಬಹುದು?

ಹೊಸ ಸೀಸನ್ ನೋಡುವಾಗ ಹೆಸರಿಗಿಂತ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಕೋಚ್ ಪರಿಚಿತರೇ? ಅಫೆನ್ಸಿವ್ ಲೈನ್‌ನಲ್ಲಿ ಹಳಬರು ಉಳಿದಿದ್ದಾರೆಯೇ? ಜನವರಿಯಲ್ಲೇ ತಂಡ ಸೇರಿದರೇ? ಹಿಂದೆ ಎಷ್ಟು ಪಂದ್ಯ ಆಡಿದ್ದಾರೆ? ಆಡಲು ಬಂದರೋ, ಕಲಿಯಲು ಬಂದರೋ? ಹೆಚ್ಚಿನ ಉತ್ತರ 'ಹೌದು' ಎಂಬ ಕಡೆಗಿದ್ದರೆ ಆಶಾಭಾವ ಇಟ್ಟುಕೊಳ್ಳಬಹುದು. ಹಳೆಯ ತಂಡದಲ್ಲಿ ಎಡವಿದ ಆಟಗಾರ ದುರ್ಬಲ ತಂಡಕ್ಕೆ ಹೋಗಿ ಒಬ್ಬರೇ ಎಲ್ಲವನ್ನೂ ಬದಲಿಸುತ್ತಾರೆ ಎಂಬ ನಿರೀಕ್ಷೆ ಮಾತ್ರ ಬಹಳ ಸಲ ಸುಳ್ಳಾಗಿದೆ.

ಪಂದ್ಯಗಳು ಆಗಸ್ಟ್ ಕೊನೆಯಲ್ಲಿ ಆರಂಭವಾಗುತ್ತವೆ. ಅಮೆರಿಕದ ಪೂರ್ವ ಭಾಗದಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಶುರುವಾಗುವ ಪಂದ್ಯ ಭಾರತದಲ್ಲಿ ಅದೇ ರಾತ್ರಿ 9.30ಕ್ಕೆ. ಅಲ್ಲಿ ಸಂಜೆ 7.30ರ ಪಂದ್ಯವೆಂದರೆ ನಮಗೆ ಭಾನುವಾರ ಬೆಳಗ್ಗೆ 5 ಗಂಟೆ. ನವೆಂಬರ್ ಆರಂಭದಲ್ಲಿ ಅಲ್ಲಿನ ಗಡಿಯಾರ ಹಿಂದಕ್ಕೆ ಹೋದ ಮೇಲೆ ಒಂದು ಗಂಟೆ ಕೂಡಿಸಿಕೊಳ್ಳಿ. ಅಮೆರಿಕದಲ್ಲಿರುವ ಮಗ, ಮಗಳು ಅಥವಾ ಸೋದರಳಿಯನ ಕಾಲೇಜಿಗೆ ಈ ವರ್ಷ ಯಾವ ಕ್ವಾರ್ಟರ್‌ಬ್ಯಾಕ್ ಬಂದಿದ್ದಾರೆ ಎಂದು ಮುಂದಿನ ಫೋನ್ ಕರೆಯಲ್ಲಿ ಕೇಳಿ ನೋಡಿ. ಹೋದ ವರ್ಷ ಅವರು ಎಲ್ಲಿ ಆಡುತ್ತಿದ್ದರು ಎಂಬುದನ್ನೂ ಕೇಳಲು ಮರೆಯಬೇಡಿ.